ನೀಲಿ ಬಾಗಿಲಿಗೊಂದು ಅಲಾರಂ

ಆ ದಿನದ ರಾದ್ಧಾಂತಕ್ಕೆಲ್ಲ ಕಾರಣ ಒಂದು ಬಾಗಿಲು. ಯಾವ ಬಡಗಿಯೂ ಕೆತ್ತಿದ ಬಾಗಿಲಲ್ಲ ಅದು. ಯಾರೋ ಕನಸಿನಲ್ಲಿ ಕಂಡು ತಮ್ಮ ಬ್ಲಾಗಿನಲ್ಲಿ ಬರೆದಿಟ್ಟ ನೀಲಿ ಬಾಗಿಲು. “ಚಿಲಕದ ಮೇಲೆ ಕೈ ಇಟ್ಟೆ. ತಣ್ಣಗಿತ್ತು. ಒಳಗೆ ಯಾರೋ ಸಣ್ಣಗೆ ಗುನುಗುತ್ತಿದ್ದರು. ಅಷ್ಟರಲ್ಲಿ ಎಚ್ಚರವಾಯಿತು. ಮತ್ತೆ ನಿದ್ದೆ ಬಂದರೆ ಒಳಗೆ ಹೋಗಿ ನೋಡಿ ಬರೆಯುತ್ತೇನೆ.” ಬರಹ ಇಲ್ಲಿಗೆ ನಿಂತಿತ್ತು.

ಓದಿದ ಎಚ್ಚರಪ್ಪನ ಜೀವ ಆ ಚಿಲಕಕ್ಕೇ ನೇತುಬಿದ್ದಿತ್ತು.

ಎಚ್ಚರಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹಾಸಿಗೆ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಬಿಲ್ಲು ಹಾಕುವುದು ಅವನ ಕೆಲಸ. ಎತ್ತ ನೋಡಿದರೂ ಹತ್ತಿಯ ಹಾಸಿಗೆ, ಸ್ಪ್ರಿಂಗಿನ ಹಾಸಿಗೆ, ಮುಟ್ಟಿದರೆ ಕೈ ಮುಳುಗುವ ಹಾಸಿಗೆ. ಅವನಿಗೋ ನಿದ್ದೆಯೇ ಬಾರದು. ಅಪ್ಪಿತಪ್ಪಿ ಕಣ್ಣು ಹತ್ತಿದರೂ ಕನಸಂತೂ ಬೀಳದು. ಮಿಠಾಯಿ ಅಂಗಡಿಯಲ್ಲಿ ಸಕ್ಕರೆ ಕಾಯಿಲೆಯವನನ್ನು ಕೂರಿಸಿದ ಹಾಗೆ. ಅದಕ್ಕೇ ಅಂಗಡಿಯವರು ಅವನನ್ನು ಎಚ್ಚರಪ್ಪ ಎಂದು ಕರೆದರು. ಹೆಸರು ಬೆಲ್ಲಕ್ಕೆ ಇರುವೆ ಅಂಟಿದಂತೆ ಅಂಟಿಕೊಂಡಿತು.

ಒಂದು ದಿನ ಜಾಹೀರಾತಿಗೆ ನಾಲ್ಕು ಒಳ್ಳೆಯ ಮಾತು ಬೇಕಾಗಿ ಅವನು ಕಂಪ್ಯೂಟರಿನಲ್ಲಿ ‘ನಿದ್ದೆ’ ಎಂದು ಹುಡುಕುತ್ತಿದ್ದಾಗ ಆ ಬ್ಲಾಗು ಸಿಕ್ಕಿತ್ತು. ಬರೆಯುವವರು ಯಾರು, ಯಾವ ಊರು, ಒಂದೂ ಇರಲಿಲ್ಲ. ಬರೀ ಕನಸುಗಳು. ಒಂದರಲ್ಲಿ ಮೋಡಗಳನ್ನು ಮಡಿಸಿ ಬೀರುವಿನಲ್ಲಿಡುತ್ತಿದ್ದರು. ಇನ್ನೊಂದರಲ್ಲಿ ಹೊಳೆಯೊಂದು ಮೆಟ್ಟಿಲು ಹತ್ತಿ ಬಂದು, ಕಾಲು ಒರೆಸಿಕೊಂಡು, ನೀರು ಕೇಳುತ್ತಿತ್ತು. ಎಚ್ಚರಪ್ಪ ಊಟ ಮರೆತು ಓದಿದ. ತನಗೆ ಬೀಳಬೇಕಿದ್ದ ಕನಸುಗಳೇ ವಿಳಾಸ ತಪ್ಪಿ ಅಲ್ಲಿಗೆ ಹೋಗಿವೆ ಅನ್ನಿಸಿತು ಅವನಿಗೆ. ಅಂದಿನಿಂದ ಅಂಗಡಿ ತೆಗೆದಾಗೊಮ್ಮೆ, ಊಟದ ಹೊತ್ತಿಗೊಮ್ಮೆ, ನಡುನಡುವೆ ಮನಸ್ಸು ತಡೆಯದಾಗಲೆಲ್ಲ ಹೋಗಿ ನೋಡುವುದೇ ಚಟವಾಯಿತು. ಬರೆಯುವವಳನ್ನೂ ಅವನು ಮನಸ್ಸಿನಲ್ಲೇ ಮಾಡಿಟ್ಟುಕೊಂಡಿದ್ದ. ಎಲ್ಲೋ ದೂರದ ಊರು, ಗಾಳಿಗೆ ಹಾರುವ ಕೂದಲು, ಕಿಟಕಿಯ ಪಕ್ಕದಲ್ಲಿ ಒಬ್ಬಳೇ.

ಹೀಗಿರುವಾಗ ಕನಸಿನಲ್ಲಿ ಉದ್ದನೆಯ ಒಂದು ಪಡಸಾಲೆ ಬಂತು. ಬರಹದಿಂದ ಬರಹಕ್ಕೆ ಅದು ಬೆಳೆಯುತ್ತಾ ಹೋಯಿತು. ಅದರ ತುದಿಗೆ ನೀಲಿ ಬಾಗಿಲು ಕಾಣಿಸಿಕೊಂಡ ದಿನ ಎಚ್ಚರಪ್ಪ ಒಂದು ಅನಾಹುತ ಮಾಡಿದ. ಜೋಡಿ ಹಾಸಿಗೆ ಕೊಂಡವರ ಬಿಲ್ಲಿನಲ್ಲಿ, ವಿಳಾಸದ ಜಾಗದಲ್ಲಿ, “ಪಡಸಾಲೆಯ ತುದಿ, ನೀಲಿ ಬಾಗಿಲು” ಎಂದು ಹೊಡೆದುಬಿಟ್ಟ. ವ್ಯಾನಿನವನು ಊರಿನ ನೀಲಿ ಬಾಗಿಲುಗಳನ್ನೆಲ್ಲ ತಟ್ಟಿ, ಒಂದು ಕಡೆ ನಾಯಿಯಿಂದ ಓಡಿಸಿಕೊಂಡು, ಹಾಸಿಗೆ ವಾಪಸು ತಂದ.

ಯಜಮಾನರು ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಅದು ಕೂಗಾಟಕ್ಕಿಂತ ಕೆಟ್ಟದ್ದು.

“ನೋಡಪ್ಪಾ, ಇನ್ನೊಂದು ಸಲ ನೀನು ಆ ಪುಟ ತೆಗೆದಿದ್ದು ನನ್ನ ಕಣ್ಣಿಗೆ ಬಿತ್ತೋ, ಕಂಪ್ಯೂಟರ್ ಬಿಟ್ಟು ಗೋಡೌನಿಗೆ ಹೋಗ್ತೀಯ. ಹತ್ತಿ ಬಿಡಿಸೋಕೆ.”

ಗೋಡೌನು ಅಂಗಡಿಯ ಹಿಂದಿತ್ತು. ಕಿಟಕಿಯಿಲ್ಲ. ಬೆಳಿಗ್ಗೆ ಕಪ್ಪು ಕೂದಲಲ್ಲಿ ಒಳಗೆ ಹೋದವರು ಸಂಜೆ ಬೆಳ್ಳಗಾಗಿ, ಸೀನುತ್ತಾ ಹೊರಗೆ ಬರುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಕಂಪ್ಯೂಟರ್ ಇರಲಿಲ್ಲ. ಮನೆಯಲ್ಲೂ ಅವನಿಗೆ ಸಿಗುತ್ತಿದ್ದದ್ದು ಅಣ್ಣನ ಮಗಳ ಕಂಪ್ಯೂಟರು, ಅದೂ ಅವಳು ಕೊಟ್ಟಾಗಷ್ಟೇ. ಗೋಡೌನಿಗೆ ಹೋದರೆ ಬಾಗಿಲು ತೆರೆದರೂ ಅವನಿಗೆ ತಿಳಿಯುವ ಹಾಗಿರಲಿಲ್ಲ.

ಆಗ ಅವನ ತಲೆಗೆ ಆ ಯೋಚನೆ ಹೊಳೆಯಿತು. ತಾನು ಪುಟ ನೋಡಿದರೆ ತಾನೇ ತಪ್ಪು? ಕಂಪ್ಯೂಟರೇ ನೋಡಿದರೆ?

ಅಣ್ಣನ ಮಗಳ ದಪ್ಪ ಪುಸ್ತಕ ಓದಿ, ಅವಳನ್ನು ಕೇಳಿ, ತಪ್ಪು ಮಾಡಿ, ಬೈಸಿಕೊಂಡು, ಅಂತೂ ಒಂದು ಪ್ರೋಗ್ರಾಮ್ ಬರೆದ. ಅದು ಮಾಡಬೇಕಾದ್ದು ಇಷ್ಟೆ. ಆಗಾಗ ಆ ಬ್ಲಾಗಿಗೆ ಹೋಗಿ ಪುಟವನ್ನು ಮೇಲಿನಿಂದ ಕೆಳಗಿನ ತನಕ ನಕಲು ಮಾಡಿಕೊಂಡು ಬರಬೇಕು. ಹಿಂದೆ ತಂದ ನಕಲಿನ ಪಕ್ಕ ಇಟ್ಟು ನೋಡಬೇಕು. ಒಂದಕ್ಷರ ಬೇರೆಯಾಗಿದ್ದರೂ ಗಂಟೆ ಬಾರಿಸಬೇಕು. ಪಕ್ಕದ ಮನೆಯ ಒಲೆ ಹೊತ್ತಿತೇ ಇಲ್ಲವೇ ಎಂದು ಗೋಡೆಯಾಚೆ ಇಣುಕುತ್ತಾರಲ್ಲ, ಅಂಥದೇ ಕೆಲಸ. ಇಣುಕಿ ಇಣುಕಿ ಕತ್ತು ನೋಯುವುದಿಲ್ಲ, ಅಷ್ಟೇ ಲಾಭ.

ಮರುದಿನ ಬೆಳಿಗ್ಗೆ ಹಾಸಿಗೆಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸರಿಸುವ ಹೊತ್ತಿಗೆ ಅವನು ಪ್ರೋಗ್ರಾಮನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಕೂರಿಸಿ, ಅರ್ಧ ಗಂಟೆಗೊಮ್ಮೆ ಹೋಗಿ ಬಾ ಎಂದು ಹೇಳಿ, ಸಂಭಾವಿತನಂತೆ ಬಿಲ್ಲು ಹಾಕತೊಡಗಿದ. ಒಂದು ಸಂಗತಿ ಮರೆತಿದ್ದ. ಮನೆಯಲ್ಲಿ ಗಂಟೆಯ ಸದ್ದನ್ನು ಅವನು ಕಿವಿಗೆ ಸಿಕ್ಕಿಸಿದ ತಂತಿಯಲ್ಲಿ ಕೇಳಿದ್ದ. ಅಂಗಡಿಯ ಕಂಪ್ಯೂಟರಿನ ಸದ್ದು ಹೋಗುವುದು ಛಾವಣಿಯಲ್ಲಿ ಸಾಲಾಗಿ ಕೂರಿಸಿದ ಸ್ಪೀಕರುಗಳಿಗೆ. ಗಿರಾಕಿಗಳಿಗೆ ಜೋಂಪು ಹತ್ತಲಿ ಎಂದು ದಿನವಿಡೀ ಮೆಲ್ಲನೆಯ ಕೊಳಲು ಬರುತ್ತಿದ್ದದ್ದು ಅಲ್ಲಿಂದಲೇ. ಇನ್ನು ಕಂಪ್ಯೂಟರಿನಲ್ಲಿದ್ದ ಗಂಟೆಯೋ, “ನಮ್ಮ ಹಾಸಿಗೆ ಕೊಂಡವರಿಗೆ ಅಲಾರಂ ಗಡಿಯಾರ ಉಚಿತ, ಇಲ್ಲದಿದ್ದರೆ ನೀವು ಏಳುವುದಿಲ್ಲ” ಎಂಬ ಜಾಹೀರಾತಿಗಾಗಿ ಹಿಡಿದಿಟ್ಟ ಅಲಾರಮ್ಮಿನ ಸದ್ದು. ಸತ್ತವರೂ ಮಗ್ಗುಲು ಬದಲಿಸುವಂಥದ್ದು.

ಅಂಗಡಿ ಆ ಬೆಳಿಗ್ಗೆ ಎಂದಿನಂತೆ ತೂಕಡಿಸುತ್ತಿತ್ತು. ಬಿಸಿಲು ಗಾಜಿನಿಂದ ಇಳಿದು ಬಿಳಿ ಚಾದರಗಳ ಮೇಲೆ ಮಲಗಿತ್ತು. ಕೊಳಲು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿತ್ತು. ಮೂಲೆಯ ಹಾಸಿಗೆಯಲ್ಲಿ ಪಿಂಚಣಿ ಮೇಷ್ಟ್ರು ಎದೆಯ ಮೇಲೆ ಕೈ ಕಟ್ಟಿಕೊಂಡು ಮಲಗಿದ್ದರು. ಹಾಸಿಗೆ ಕೊಳ್ಳುವ ಮುಂಚೆ ಪರೀಕ್ಷಿಸಬೇಕು ಎಂದು ಅವರು ಎಷ್ಟೋ ತಿಂಗಳಿಂದ ದಿನವೂ ಬಂದು ಪರೀಕ್ಷಿಸುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಮುಖ ತೊಳೆದುಕೊಂಡು ಮನೆಗೆ ಹೋಗುತ್ತಿದ್ದರು.

ಬೀದಿಗೆ ಮುಖ ಮಾಡಿದ ದೊಡ್ಡ ಗಾಜಿನ ಕಿಟಕಿಯೊಳಗೆ, ಅಂಗಡಿಯ ಅತಿ ಒಳ್ಳೆಯ ಹಾಸಿಗೆಯ ಮೇಲೆ, ಯಜಮಾನರ ಸೋದರತ್ತೆ ಮಲಗಿದ್ದರು. ಅತ್ತೆಗೆ ಅದೇ ಉದ್ಯೋಗ. ಹಿಂದೊಮ್ಮೆ ಅಳಿಯನ ಅಂಗಡಿ ನೋಡಲು ಬಂದವರು ದಣಿದು ಅಲ್ಲೇ ಒರಗಿದ್ದರು. ಆ ನಿದ್ದೆಯ ಮುಖ ಕಂಡು ಬೀದಿಯವರು ಒಳಗೆ ಬಂದು, ‘ಆ ಅಮ್ಮ ಮಲಗಿರೋದೇ ಕೊಡಿ’ ಎಂದು ಕೇಳಿದ್ದರು. ಅವತ್ತೇ ಅತ್ತೆಗೆ ಕೆಲಸ ಕಾಯಂ ಆಯಿತು. ಬೆಳಿಗ್ಗೆ ದಿಂಬು, ಕನ್ನಡಕ, ಫೋನು ಹಿಡಿದು ಆಫೀಸಿಗೆ ಹೊರಟವರಂತೆ ಬರುತ್ತಿದ್ದರು. ಬಸ್ಸಿಗೆ ಓಡುತ್ತಿದ್ದವರು ಅವರನ್ನು ನೋಡಿ ನಿಂತು, ಆಕಳಿಸಿ, ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. ನಡುವೆ ಎಚ್ಚರವಾದಾಗ ಫೋನು ಮೂಗಿಗೆ ಹಿಡಿದು ಇಸ್ಪೀಟು ಆಡುತ್ತಾರೆ ಎನ್ನುವುದೊಂದೇ ಯಜಮಾನರಿಗೆ ಅತ್ತೆಯ ಮೇಲಿದ್ದ ದೂರು.

“ಎಚ್ಚರಪ್ಪಾ,” ಎಂದು ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಕರೆದರು. “ಇವತ್ತು ನಿರ್ಧಾರ ಮಾಡ್ಬಿಟ್ಟೆ ಕಣಯ್ಯ. ಇದೇ ಹಾಸಿಗೆ. ಬಿಲ್ಲು ಹಾಕು.”

ಅಂಗಡಿ ಅಂಗಡಿಯೇ ಉಸಿರು ಹಿಡಿಯಿತು. ಯಜಮಾನರು ಕುರ್ಚಿಯಿಂದ ಅರ್ಧ ಎದ್ದರು.

ಟ್ರಿಣ್‌ಣ್‌ಣ್‌ಣ್‌!

ಮೇಷ್ಟ್ರು ಹಾಸಿಗೆಯಿಂದ ಒಂದು ಮೊಳ ಮೇಲೆ ಹೋಗಿ ಕೆಳಗೆ ಬಂದರು. ಕಿಟಕಿಯಲ್ಲಿ ಅತ್ತೆ ಕೀಲಿ ಕೊಟ್ಟ ಗೊಂಬೆಯಂತೆ ನೆಟ್ಟಗೆ ಎದ್ದು ಕೂತು, ಬೀದಿಯನ್ನು ಪಿಳಿಪಿಳಿ ನೋಡಿ, ಮತ್ತೆ ಮಲಗಿದರು.

“ಏನೋ ಅದು?” ಎಂದರು ಯಜಮಾನರು.

ಎಚ್ಚರಪ್ಪ ಕಂಪ್ಯೂಟರಿನ ಹಿಂದೆ ಬಗ್ಗಿದ. ಪಕ್ಕದ ಗೂಡಿನಲ್ಲಿ ಕೂತಿದ್ದ ಕ್ಯಾಷಿಯರಮ್ಮ ಅವನ ಮುಖ ನೋಡಿದವಳೇ ಹೇಳಿದಳು. “ಜಾಹೀರಾತು ಸಾರ್. ಗಡಿಯಾರ ಉಚಿತ ಅಂತ ಜನಕ್ಕೆ ಗೊತ್ತಾಗೋದು ಬೇಡ್ವಾ?”

ಯಜಮಾನರು ಅತ್ತ ತಿರುಗಿದ ಕೂಡಲೇ ಅವಳು ಇತ್ತ ಬಗ್ಗಿದಳು. “ಈಗ ನಿಜ ಹೇಳು. ಸುಮ್ಮನೆ ಸುಳ್ಳು ಹೇಳೋಳಲ್ಲ ನಾನು. ಏನದು?”

ಹೇಳದೆ ವಿಧಿಯಿರಲಿಲ್ಲ. ಕೇಳಿದ ಕ್ಯಾಷಿಯರಮ್ಮನ ಕಣ್ಣು ಅರಳಿತು. “ಹಾಗಾದ್ರೆ ಬಾಗಿಲು ತೆಗೆದ್ರು ಅಂತಾಯ್ತು. ನೋಡೋ ಬೇಗ!”

ಅವನು ಪುಟ ತೆಗೆದ. ಹೊಸದೇನೂ ಇರಲಿಲ್ಲ. ಅದೇ ಪಡಸಾಲೆ, ಅದೇ ಚಿಲಕ, ಅದೇ ಗುನುಗು.

“ಏನೂ ಇಲ್ವಲ್ಲೋ.”

“ಏನೋ ಬದಲಾಗಿದೆ ಅಕ್ಕ. ಇಲ್ಲಾಂದ್ರೆ ಬಡ್ಕೊಳಲ್ಲ ಅದು. ಒಂದಕ್ಷರ ಆದ್ರೂ ಬೇರೆ ಆಗಿರ್ಬೇಕು.”

ಇಬ್ಬರೂ ಮೊದಲಿನಿಂದ ಓದಿದರು. ಎಚ್ಚರಪ್ಪನಿಗೆ ಅದು ಬಾಯಿಪಾಠವಾಗಿತ್ತು. ಆದರೂ ಬಾಗಿಲು ಮೊದಲಿಗಿಂತ ಒಂದು ಹೆಜ್ಜೆ ಹತ್ತಿರವಿದೆ ಅನ್ನಿಸಿತು. ಗುನುಗು ಕೊಂಚ ದೊಡ್ಡದಾಗಿದೆ ಅನ್ನಿಸಿತು. ಬರೆಯುವವಳು ಈಗ, ಇದೇ ಹೊತ್ತಿನಲ್ಲಿ, ಎಲ್ಲೋ ಕೂತು ಒಂದೊಂದೇ ಅಕ್ಷರ ತಿದ್ದುತ್ತಿದ್ದಾಳೆ, ಇನ್ನೇನು ಚಿಲಕ ಸರಿಯುತ್ತದೆ ಎಂದುಕೊಂಡ.

ಎರಡನೆಯ ಸಲ ಅಲಾರಂ ಬಡಿದುಕೊಂಡಾಗ ದಿಂಬಿನ ಗವಸು ಹೊಲಿಯುವ ದರ್ಜಿ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಹಿಂದಿನ ಕೋಣೆಯಿಂದ ಬಂದ. ಅವನು ಮಾಡದ ಕೆಲಸವಿತ್ತು, ಕೊಡದ ಸಲಹೆ ಇರಲಿಲ್ಲ. ಕ್ಯಾಷಿಯರಮ್ಮ ಒಂದೇ ಉಸಿರಿಗೆ ಅವನಿಗೆ ಎಲ್ಲ ಒಪ್ಪಿಸಿದಳು.

“ಅಯ್ಯೋ, ಇಷ್ಟೇನಾ?” ಎಂದ ದರ್ಜಿ. “ಅರ್ಧ ಗಂಟೆಗೊಂದ್ಸಲ ಹೋದ್ರೆ ಸಿಗ್ತಾರೇನೋ? ನೀನು ಹೋಗೋ ಹೊತ್ತಿಗೆ ಅವ್ರು ಬರ್ದು, ಬೇಡ ಅಂತ ಅಳಿಸಿರ್ತಾರೆ. ಬರೀತಿರೋವಾಗ್ಲೇ ಹಿಡೀಬೇಕು. ನಿಮಿಷ ನಿಮಿಷಕ್ಕೂ ಕಳ್ಸು.”

“ಸದ್ದು?” ಎಂದ ಎಚ್ಚರಪ್ಪ ಹೆದರಿ.

“ಸದ್ದು ಕಡಿಮೆ ಮಾಡು ಮಾರಾಯ.”

ಕಡಿಮೆ ಮಾಡಿದ. ಅದರೊಟ್ಟಿಗೆ ಕೊಳಲೂ ಸತ್ತಿತು. “ಸಂಗೀತ ಎಲ್ಲಿ ಹೋಯ್ತು? ಜೋರಾಗಿ ಹಾಕ್ರೋ!” ಎಂದು ಯಜಮಾನರು ಆ ತುದಿಯಿಂದ ಕೂಗಿದರು. ಜೋರಾಗಿ ಹಾಕಿದ. ಪ್ರೋಗ್ರಾಮು ನಿಮಿಷಕ್ಕೊಮ್ಮೆ ಹೊರಟಿತು.

ಅಲ್ಲಿಂದ ಮುಂದೆ ಅಂಗಡಿಯ ಗತಿ ಹೇಳುವಂತಿಲ್ಲ. ಕೊಳಲು ಎರಡು ಸಾಲು ಬರುವುದು, ಅಲಾರಂ ಹೊಡೆಯುವುದು. ಹಾಸಿಗೆ ಪರೀಕ್ಷಿಸಲು ಒರಗಿದವರೆಲ್ಲ ಬಾಣಲೆಗೆ ಬಿದ್ದ ಸಾಸಿವೆಯಂತೆ ಸಿಡಿಯುವುದು. ಹೊಸ ಮದುವೆಯ ಜೋಡಿಯೊಂದು ಸಂಕೋಚಪಟ್ಟು ಹಾಸಿಗೆಯ ಅಂಚಿಗೆ ಕೂತಿತ್ತು. ಅಲಾರಂ ಹೊಡೆದಾಗ ಗಂಡ ಹೆಂಡತಿಯನ್ನು ಬಿಟ್ಟು ಬಾಗಿಲಿಗೆ ಓಡಿದ. ಅಲ್ಲಿಂದ ಮುಂದಿನ ಮಾತುಕತೆ ಹಾಸಿಗೆಯದಾಗಿರಲಿಲ್ಲ. ಪ್ರತಿ ಸಲವೂ ಎಚ್ಚರಪ್ಪ ಕಂಪ್ಯೂಟರಿಗೆ ಹಾರಿ ನೋಡುವನು, ಕ್ಯಾಷಿಯರಮ್ಮ ಕತ್ತು ಚಾಚುವಳು, ದರ್ಜಿ “ತೆಗೆದ್ರಾ?” ಅನ್ನುವನು, ಬಾಗಿಲು ಮುಚ್ಚಿಯೇ ಇರುವುದು. ನಿಲ್ಲಿಸಿಬಿಡಲೇ ಎಂದು ಅವನ ಬೆರಳು ಎಷ್ಟೋ ಸಲ ಹೋಯಿತು. ಮುಂದಿನ ನಿಮಿಷವೇ ತೆರೆದರೆ ಎಂದು ಹಿಂದೆ ಬಂತು.

ಪಾಪ, ಎಲ್ಲರಿಗಿಂತ ಹೆಚ್ಚು ಒದ್ದಾಡಿದವರು ಅತ್ತೆ. ಅವರ ನಿದ್ದೆ ಬೇಗ ಬರುವ ಜಾತಿಯದು. ಅಲಾರಂ ನಿಂತೊಡನೆ ಮಲಗುವರು, ಮುಖದ ಮೇಲೆ ನಗು ಹರಡುವುದು, ಒಂದು ಕೈ ಗಾಳಿಯಲ್ಲಿ ಏನನ್ನೋ ಮುಟ್ಟಲು ಚಾಚುವುದು, ಟ್ರಿಣ್‌ಣ್‌ ಎಂದರೆ ಚಂಗನೆ ಎದ್ದು ಕೂರುವರು. ಮಲಗುವರು, ಏಳುವರು. ಬೀದಿಯಲ್ಲಿ ಮೊದಲು ಒಬ್ಬ ನಿಂತ. ಅವನನ್ನು ನೋಡಿ ಇನ್ನೊಬ್ಬ. ಗಾಜಿನ ಹೊರಗಿನವರಿಗೆ ಅಲಾರಮ್ಮಿನ ಸದ್ದು ಕೇಳಿಸದು. ಅವರಿಗೆ ಕಂಡದ್ದು, ಮೆತ್ತನೆಯ ಹಾಸಿಗೆಯ ಮೇಲೆ ಮುದುಕಿಯೊಬ್ಬಳು ಮಲಗಿದ ಹಾಗೇ ಹಾರಿ ಹಾರಿ ಬೀಳುವುದು.

“ಏನಾಗಿದೆ ಆಯಮ್ಮಂಗೆ?” ಎಂದು ಯಾರೋ ಕೇಳಿದರು.

“ಇನ್ನೇನಾಗುತ್ತೆ, ಹಾಸಿಗೇಲಿ ತಿಗಣೆ!” ಎಂದ ಗುಂಪಿನಲ್ಲೊಬ್ಬ.

ಒಬ್ಬ ಹೇಳಿದ್ದೇ ತಡ, ಬೀದಿಯ ಅಷ್ಟೂ ಜನಕ್ಕೆ ತಿಗಣೆಗಳು ಕಣ್ಣಾರೆ ಕಂಡವು. ಒಬ್ಬನಿಗೆ ಕಡಲೆಕಾಳಿನಷ್ಟು, ಒಬ್ಬಳಿಗೆ ಗಾಜಿನ ಮೇಲೇ ಸಾಲುಗಟ್ಟಿ. ನೋಡುತ್ತಾ ನಿಂತವರೆಲ್ಲ ತೋಳು ಕೆರೆದುಕೊಳ್ಳತೊಡಗಿದರು. ಸುದ್ದಿ ಒಳಗೆ ಬಂತು. ಅಲಾರಮ್ಮಿಗೂ ಅಂಜದೆ ತಮ್ಮ ಹಾಸಿಗೆ ಬಿಡದಿದ್ದ ಮೇಷ್ಟ್ರು ಈಗ ಎದ್ದು ನಿಂತರು.

“ತಿಗಣೆನಾ? ಇಷ್ಟು ತಿಂಗಳು ನಾನು ತಿಗಣೆ ಮೇಲೆ ಮಲಗಿದ್ನಾ?”

“ಇಲ್ಲ ಮೇಷ್ಟ್ರೇ, ತಿಗಣೆ ಇಲ್ಲ, ನಿಮ್ಮಾಣೆ!” ಯಜಮಾನರು ಓಡಿ ಬಂದರು.

“ಇಲ್ದಿದ್ರೆ ನಂಗ್ಯಾಕೆ ಈಗ ಕಡೀತಿದೆ?” ಎಂದು ಬೆನ್ನನ್ನು ಕಂಬಕ್ಕೆ ಉಜ್ಜುತ್ತಾ ಮೇಷ್ಟ್ರು ಹೊರಟೇಹೋದರು. ಎಂದೂ ಬಾರದಿದ್ದ ವ್ಯಾಪಾರ ಬಾಗಿಲ ತನಕ ಬಂದು, ಬೆನ್ನು ಕೆರೆದುಕೊಂಡು ಹೋದಂತಾಯಿತು.

ಅಂಗಡಿ ಖಾಲಿಯಾಯಿತು. ಆ ಮೌನದಲ್ಲಿ ಅಲಾರಂ ಇನ್ನೊಮ್ಮೆ ಹೊಡೆಯಿತು. ಯಜಮಾನರು ಸ್ಪೀಕರಿನಿಂದ ತಂತಿ, ತಂತಿಯಿಂದ ಕಂಪ್ಯೂಟರು, ಕಂಪ್ಯೂಟರಿನಿಂದ ಎಚ್ಚರಪ್ಪ, ಹೀಗೆ ದಾರಿ ಹಿಡಿದು ಬಂದು ಅವನೆದುರು ನಿಂತು ಕನ್ನಡಕ ತೆಗೆದರು.

ಎಚ್ಚರಪ್ಪ ಎಲ್ಲವನ್ನೂ ಹೇಳಿದ. ಹೇಳುತ್ತಾ ಹೇಳುತ್ತಾ ಭಯ ಮರೆತು ಮಡಿಸಿದ ಮೋಡ, ಮೆಟ್ಟಿಲು ಹತ್ತಿದ ಹೊಳೆ, ಉದ್ದನೆಯ ಪಡಸಾಲೆ, ಅದರ ತುದಿಯ ನೀಲಿ, ಎಲ್ಲ ಹೇಳಿದ. ಯಜಮಾನರು ಬೈಯಲೆಂದು ತೆರೆದ ಬಾಯಿ ತೆರೆದೇ ಇತ್ತು.

“ಗುನುಗ್ತಿರೋದು ಗಂಡಸಾ ಹೆಂಗಸಾ?” ಎಂದರು ಕೊನೆಗೆ.

“ಅದೇ ಗೊತ್ತಿಲ್ಲ ಸಾರ್.”

“ಛೆ!”

ಯಜಮಾನರು ತಾವೇ ಕುರ್ಚಿ ಎಳೆದುಕೊಂಡು ಪುಟ ಓದಿದರು. ಮುಗಿಸಿ, ಇನ್ನೂ ಉಳಿದಿರಬಹುದೆಂದು ಕೆಳಗೆ ಕೆಳಗೆ ಸರಿಸಿದರು. ತೀರಾ ತಳದಲ್ಲಿ, ಅಂಗೈಯಗಲದ ಖಾಲಿ ಜಾಗದ ಕೆಳಗೆ, ಒಂದು ಪುಟ್ಟ ಚೌಕದೊಳಗೆ ‘ಇಲ್ಲಿಗೆ ಬಂದವರು’ ಎಂದು ಒಂದು ಸಂಖ್ಯೆ ಇತ್ತು. ಕತೆ ಮುಗಿದ ಮೇಲೆ ಅಷ್ಟು ಕೆಳಗೆ ನೋಡುವವರು ಯಾರು? ಎಚ್ಚರಪ್ಪ ಎಂದೂ ನೋಡಿರಲಿಲ್ಲ. ಹಗಲೆಲ್ಲ ಸಂಖ್ಯೆಗಳನ್ನೇ ನೋಡುವ ಕ್ಯಾಷಿಯರಮ್ಮ ನೋಡಿದಳು.

“ಮುಚ್ಚಿ ಇನ್ನೊಂದು ಸಲ ತೆಗೀರಿ ಸಾರ್.”

ತೆಗೆದರು. ಸಂಖ್ಯೆ ಒಂದು ಮುಂದೆ ಹೋಗಿತ್ತು. ಮತ್ತೆ ತೆಗೆದರು. ಮತ್ತೊಂದು ಮುಂದೆ ಹೋಯಿತು.

ದರ್ಜಿ ಹೋ ಎಂದು ನಕ್ಕ. “ಅಯ್ಯೋ ಪುಣ್ಯಾತ್ಮ! ನಿನ್ನ ಪ್ರೋಗ್ರಾಮು ಹೋಗುತ್ತೆ, ಹೋಗಿದ್ದಕ್ಕೆ ಅಲ್ಲಿ ಒಂದು ಲೆಕ್ಕ ಏರುತ್ತೆ, ಲೆಕ್ಕ ಏರಿದ್ದು ನೋಡಿ ಹೊಸದು ಬಂತು ಅಂತ ಬಡ್ಕೊಳ್ಳುತ್ತೆ! ಕೆಸರಲ್ಲಿ ತನ್ನ ಹೆಜ್ಜೆ ತಾನೇ ನೋಡ್ಕೊಂಡು ಕಳ್ಳ ಬಂದ ಅಂತ ಕೂಗೋ ಕಾವಲುಗಾರ ಕಣಯ್ಯ ಇದು!” ನಿಮಿಷಕ್ಕೊಮ್ಮೆ ಕಳಿಸು ಎಂದವನು ತಾನೇ ಎನ್ನುವುದು ಅವನಿಗೆ ನೆನಪಿದ್ದಂತಿರಲಿಲ್ಲ.

ಎಚ್ಚರಪ್ಪ ನಾಚಿ ನೀರಾಗಿ, ಪುಟದ ಬಾಲ ಬಿಟ್ಟು ಬರಹವನ್ನಷ್ಟೇ ಹೋಲಿಸಿ ನೋಡುವಂತೆ ಪ್ರೋಗ್ರಾಮನ್ನು ತಿದ್ದಿದ. ಎಲ್ಲರೂ ಕಾದರು. ನಿಮಿಷ ಕಳೆಯಿತು. ಸದ್ದಿಲ್ಲ. ಇನ್ನೊಂದು ಕಳೆಯಿತು. ಕೊಳಲಷ್ಟೇ.

“ಅಳಿಸಿ ಹಾಕ್ಲಾ ಸಾರ್?” ಎಂದ.

ಯಜಮಾನರು ಎತ್ತಲೋ ನೋಡಿದರು. “ಇರ್ಲಿ ಬಿಡು. ನಿಜವಾಗ್ಲೂ ಬಂದಾಗ ಬಡೀಲಿ. ಸುಳ್ಳು ಬಡೀತೋ, ಗೋಡೌನು.”

ಆ ಮಧ್ಯಾಹ್ನ ಅಂಗಡಿ ನೀರಿನಡಿಯ ಮನೆಯಂತಿತ್ತು. ಗಿರಾಕಿಗಳಿಲ್ಲ. ಗುಂಪೂ ಕೆರೆದುಕೊಳ್ಳುತ್ತಾ ಚದುರಿತ್ತು. ಬಿಸಿಲು ಒಂದು ಹಾಸಿಗೆಯಿಂದ ಇನ್ನೊಂದು ಹಾಸಿಗೆಗೆ ಮೆಲ್ಲನೆ ದಾಟುತ್ತಿತ್ತು. ಯಜಮಾನರು ಕೆನ್ನೆಗೆ ಕೈ ಕೊಟ್ಟು ಕೂತಿದ್ದರು. ಅವರ ಮನಸ್ಸೂ ಆ ಪಡಸಾಲೆಯಲ್ಲಿ ಬರಿಗಾಲಲ್ಲಿ ಓಡಾಡುತ್ತಿದೆ ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ದರ್ಜಿ ಹೊಲಿಗೆ ಯಂತ್ರ ಮುಟ್ಟಲಿಲ್ಲ. ಕ್ಯಾಷಿಯರಮ್ಮ, “ನಂಗನ್ಸುತ್ತೆ, ಒಳಗಿರೋದು ಅವ್ಳ ತಾಯಿ,” ಎಂದಳು. “ಅಲ್ಲ, ಅವ್ಳನ್ನ ಬಿಟ್ಟು ಹೋದ ಗಂಡ,” ಎಂದ ದರ್ಜಿ. ಒಳಗಿರುವುದು ತಾನೇ ಇರಬಹುದೇ ಎಂಬ ಹುಚ್ಚು ಆಸೆಯೊಂದು ಎಚ್ಚರಪ್ಪನಲ್ಲಿ ಆಗಲೇ ಚಿಗುರೊಡೆದಿತ್ತು.

ಅತ್ತೆಯೂ ನಿದ್ದೆ ಮಾಡಲಿಲ್ಲ. ದಿಂಬಿಗೊರಗಿ ಕೂತು, ಫೋನು ಮೂಗಿಗೆ ಹಿಡಿದು ಒತ್ತುತ್ತಿದ್ದರು. ಇವತ್ತಿನ ಮಟ್ಟಿಗೆ ಇಸ್ಪೀಟು ಆಡಿಕೊಳ್ಳಲಿ ಎಂದು ಯಜಮಾನರು ಸುಮ್ಮನಿದ್ದರು.

ಸಂಜೆ ಬೆಳಕು ಕೆಂಪಗಾಗುವ ಹೊತ್ತಿಗೆ ಅಲಾರಂ ಹೊಡೆಯಿತು.

ಯಾರೂ ಕೂಗಲಿಲ್ಲ. ನಾಲ್ವರೂ ಒಬ್ಬರ ಮೇಲೊಬ್ಬರು ಬಿದ್ದು ಕಂಪ್ಯೂಟರಿನ ಮುಂದೆ ಸೇರಿದರು. ಹೊಸ ಬರಹ ಬಂದಿತ್ತು. ಎಚ್ಚರಪ್ಪನ ಕಣ್ಣು ಮಂಜಾಯಿತು. ಕ್ಯಾಷಿಯರಮ್ಮನೇ ಗಟ್ಟಿಯಾಗಿ ಓದಿದಳು.

“ಇವತ್ತು ಆ ಬಾಗಿಲ ತನಕ ಎಷ್ಟು ಸಲ ಹೋದೆನೋ. ಹೋದಾಗಲೆಲ್ಲ ಆಕಾಶವೇ ಗಂಟೆಯಾಗಿ ಬಡಿದುಕೊಂಡಿತು. ಕೊನೆಯ ಸಲ ಚಿಲಕ ಸರಿಯಿತು. ಬಾಗಿಲು ಒಂದು ಬೆರಳಷ್ಟು ತೆರೆಯಿತು. ಒಳಗೆ ದೀಪವಿತ್ತು. ಗುನುಗು ನಿಂತಿತು. ‘ಬಂದ್ಯಾ? ಎಷ್ಟು ಹೊತ್ತು ಕಾಯಿಸ್ದೆ’ ಎಂದು ಒಂದು ದನಿ ಕೇಳಿತು. ಗುರುತಿನ ದನಿ. ಯಾರೆಂದು ನೋಡಲು ಬಗ್ಗಿದೆ. ಮತ್ತೆ ಗಂಟೆ. ಎದ್ದು ನೋಡಿದರೆ, ಗಾಜಿನಾಚೆ ಜನ ನಿಂತು, ನನ್ನನ್ನು ತೋರಿಸಿ, ಮೈ ಕೆರೆದುಕೊಳ್ಳುತ್ತಿದ್ದರು.”

ಕ್ಯಾಷಿಯರಮ್ಮನ ದನಿ ಅಲ್ಲೇ ನಿಂತಿತು. ನಾಲ್ಕು ಮುಖಗಳು ಬಹಳ ಮೆಲ್ಲಗೆ, ಡಬ್ಬಿಯ ಮುಚ್ಚಳ ತಿರುಗಿದಂತೆ, ಕಿಟಕಿಯ ಕಡೆಗೆ ತಿರುಗಿದವು. ಅತ್ತೆ ಫೋನನ್ನು ದಿಂಬಿನಡಿ ಸೇರಿಸಿ ಕನ್ನಡಕ ಮಡಿಸುತ್ತಿದ್ದರು.

“ಇನ್ನೂ ಇದೆ,” ಎಂದ ಎಚ್ಚರಪ್ಪ. ಅವನ ದನಿ ಬಾವಿಯೊಳಗಿಂದ ಬಂದಂತಿತ್ತು. “ಓದಿ ಅಕ್ಕ.”

“ನನ್ನ ಈ ಪುಟಕ್ಕೆ ಇಷ್ಟು ದಿನ ಯಾರೋ ಒಬ್ಬರೇ ಬರುತ್ತಿದ್ದರು. ಬೆಳಿಗ್ಗೆ ಬರುವರು, ಊಟದ ಹೊತ್ತಿಗೆ ಬರುವರು, ಮತ್ತೆ ಮನಸ್ಸು ತಡೆಯದೆ ಬರುವರು. ಕದ ತಟ್ಟುವ ರೀತಿಯಲ್ಲೇ ಮನೆಯವರು ಯಾರೆಂದು ತಿಳಿಯುತ್ತದಲ್ಲ, ಹಾಗೆ ನನಗೆ ತಿಳಿಯುತ್ತಿತ್ತು. ಅವರೊಬ್ಬರಿಗೆಂದೇ ಬರೆಯುತ್ತಿದ್ದೆ. ಇವತ್ತು ನೋಡಿದರೆ ಸಂತೆ ನೆರೆದಂತೆ ಜನ ಬಂದಿದ್ದಾರೆ, ಇನ್ನೂ ಬರುತ್ತಲೇ ಇದ್ದಾರೆ. ಈ ಗದ್ದಲದಲ್ಲಿ ನನ್ನ ಆ ಒಬ್ಬರನ್ನು ಎಲ್ಲೆಂದು ಹುಡುಕಲಿ? ನನಗೆ ನಾಚಿಕೆಯಾಗುತ್ತದೆ. ಇನ್ನು ಬರೆಯುವುದಿಲ್ಲ. ಆ ಒಬ್ಬರು ಎಲ್ಲಿದ್ದರೂ ಚೆನ್ನಾಗಿರಲಿ.”

ಎಚ್ಚರಪ್ಪ ಎದ್ದು ಕಿಟಕಿಯ ಹತ್ತಿರ ಹೋದ. ದೂರದ ಊರೂ ಇಲ್ಲ, ಹಾರುವ ಕೂದಲೂ ಇಲ್ಲ. ಕಿಟಕಿಯ ಪಕ್ಕ ಎನ್ನುವುದೊಂದು ಮಾತ್ರ ಸರಿಯಾಗಿತ್ತು.

“ಅತ್ತೆ,” ಎಂದ. “ಆ ಒಬ್ಬ ನಾನೇ.”

ಅತ್ತೆ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. “ನೀನಾ? ಹಾಗಾದ್ರೆ ಇವತ್ತಿನ ಸಂತೆ ಯಾರದಪ್ಪಾ?”

“ಅದೂ ನಾನೇ.”

“ಮತ್ತೆ ಆ ಅಲಾರಂ?”

ಎಚ್ಚರಪ್ಪ ತಲೆ ತಗ್ಗಿಸಿದ.

“ಚೆನ್ನಾಗಿದೆ,” ಎಂದರು ಅತ್ತೆ. “ಬಾಗಿಲ ತನಕ ಕರ್ಕೊಂಡು ಹೋದೋಳು ನಾನು. ಒಳಗೆ ಹೋಗ್ದಂಗೆ ರಟ್ಟೆ ಹಿಡಿದು ಎಳೆದೋನು ನೀನು.”

“ಅತ್ತೆ, ಒಂದೇ ಒಂದು ಸಲ. ಈಗ ಮಲಗಿ. ಯಾರಿದ್ರು ಅಂತ ನೋಡ್ಕೊಂಡು ಬಂದ್ಬಿಡಿ. ನಾನು ಕಂಪ್ಯೂಟರಿನ ತಂತಿನೇ ಕಿತ್ತು ಹಾಕ್ತೀನಿ.”

“ಇನ್ನೆಲ್ಲಿ ನಿದ್ದೆ ಬರುತ್ತಪ್ಪಾ? ಬೀದಿಯವರು ನೋಡೋದು ನನ್ನ ಮೈನ. ಅದಕ್ಕೆ ನಾನು ಹೆದರಲ್ಲ. ಈಗ ನೀವೆಲ್ಲ ಸೇರಿ ನನ್ನ ಒಳಗನ್ನ ನೋಡ್ಬಿಟ್ರಲ್ಲ, ಇನ್ನು ಕಣ್ಣು ಮುಚ್ಚಿದ್ರೆ ಪಡಸಾಲೆ ತುಂಬ ನಿಮ್ಮ ಮುಖಗಳೇ.” ಅತ್ತೆ ದಿಂಬು ಎತ್ತಿಕೊಂಡು ಕಿಟಕಿಯಿಂದ ಇಳಿದರು. ರಾಜೀನಾಮೆ ಕೊಟ್ಟವರ ಗತ್ತು ಅದರಲ್ಲಿತ್ತು.

ಯಜಮಾನರು ಗಡಿಯಾರ ನೋಡಿದರು. ಹೊರಗೆ ಕೆಲಸ ಮುಗಿಸಿ ಮನೆಗೆ ಹೋಗುವವರ ಹಿಂಡು ಬರುವ ಹೊತ್ತು. ಒಳ್ಳೆಯ ವ್ಯಾಪಾರದ ಹೊತ್ತು. ಗಾಜಿನೊಳಗೆ ಬರೀ ಹಾಸಿಗೆ. ತಿಗಣೆ ಸುದ್ದಿ ಬೇರೆ ಬೀದಿಯಲ್ಲಿ ಓಡಾಡುತ್ತಿತ್ತು. ಅವರು ಎಚ್ಚರಪ್ಪನನ್ನೊಮ್ಮೆ, ಹಾಸಿಗೆಯನ್ನೊಮ್ಮೆ ನೋಡಿದರು.

“ಹತ್ತು. ಮಲಗು.”

“ಸಾರ್, ನಂಗೆ ನಿದ್ದೆ ಬರಲ್ಲ!”

“ಗೋಡೌನಲ್ಲಿ ಬರುತ್ತಾ? ಹತ್ತಯ್ಯ.”

ಎಚ್ಚರಪ್ಪ ಚಪ್ಪಲಿ ಬಿಟ್ಟು ಕಿಟಕಿ ಹತ್ತಿದ. ಬೀದಿಯ ಕಣ್ಣುಗಳೆಲ್ಲ ತನ್ನ ಮೇಲಿವೆ ಎಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಹಾಸಿಗೆ ಅತ್ತೆ ಮಲಗಿದ್ದ ಕಡೆ ಇನ್ನೂ ಬೆಚ್ಚಗಿತ್ತು. ಕೆಂಪು ಬಿಸಿಲು ರೆಪ್ಪೆಯ ಮೇಲೆ ಕೂತಿತು. ಕೊಳಲು ದೂರ ಹೋಯಿತು, ಇನ್ನೂ ದೂರ ಹೋಯಿತು. ಅವನ ಕಾಲಿನ ಕೆಳಗೆ ನೆಲ ತಣ್ಣಗಾಯಿತು. ನೋಡುತ್ತಾನೆ, ಉದ್ದನೆಯ ಪಡಸಾಲೆ! ಜೀವಮಾನದಲ್ಲಿ ಮೊದಲ ಸಲ ಅವನಿಗೆ ಕನಸು ಬೀಳುತ್ತಿತ್ತು. ಓಡಿದರೆ ಎಲ್ಲಿ ಒಡೆದೀತೋ ಎಂದು ತುದಿಗಾಲಲ್ಲಿ ನಡೆದ. ತುದಿಯಲ್ಲಿ ನೀಲಿ ಬಾಗಿಲು. ಒಳಗೆ ಯಾರೋ ಸಣ್ಣಗೆ ಗುನುಗುತ್ತಿದ್ದರು. ಅವನು ಚಿಲಕದ ಮೇಲೆ ಕೈ ಇಟ್ಟ. ತಣ್ಣಗಿತ್ತು.

ಟಕ್, ಟಕ್, ಟಕ್!

ಬೆಚ್ಚಿ ಕಣ್ಣು ಬಿಟ್ಟ. ಹೊರಗೆ ಬೀದಿಯಲ್ಲಿ ನಿಂತು, ಗಾಜಿನ ಮೇಲೆ ಬೆರಳಿಂದ ಬಡಿಯುತ್ತಾ, ಕನ್ನಡಕವನ್ನು ಮೂಗಿನ ತುದಿಗಿಳಿಸಿ ಅತ್ತೆ ಬಗ್ಗಿ ನೋಡುತ್ತಿದ್ದರು.

“ಏನಾದ್ರೂ ಬಂತಾ?” ಎಂದು ಗಾಜಿಗೆ ಬಾಯಿ ಹಚ್ಚಿ ಕೂಗಿದರು.

“ಬರ್ತಾ ಇತ್ತು ಅತ್ತೆ...”

“ಸರಿ ಸರಿ, ಮಲಗು. ನಂಗೇನು ಅವಸರ ಇಲ್ಲ,” ಎಂದು ಅತ್ತೆ ಎರಡು ಹೆಜ್ಜೆ ಹೋದರು. ನಿಂತರು. ಮನಸ್ಸು ತಡೆಯಲಿಲ್ಲ. ತಿರುಗಿ ಬಂದು ಮತ್ತೆ ಗಾಜು ಬಡಿದರು.

“ಈಗ?”